ತಾಳಮದ್ದಳೆ ಕೂಟದ ವೆಬ್‌ಸೈಟಿಗೆ ಕೋಡ್ ಗೊತ್ತಿಲ್ಲದವರು ಕಾರ್ಯಕ್ರಮ ಹಾಕುದು ಹೇಗೆ?

ಬದಿಯಡ್ಕ_ಕೂಟ:
ನಮಸ್ಕಾರ ಎಲ್ರಿಗೂ. ಬದಿಯಡ್ಕದ ಹತ್ರ ನಮ್ಮದೊಂದು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಲ್ಲೇ ನಡೆಸುವ ಯಕ್ಷಗಾನ) ಕೂಟ ಉಂಟು, ಅದರ ವೆಬ್‌ಸೈಟ್ ನಾನು ಹ್ಯೂಗೋದಲ್ಲಿ (ಬರೆದಿಟ್ಟ ಫೈಲುಗಳಿಂದ ಸೈಟ್ ತಯಾರಿಸುವ ಸಾಫ್ಟ್‌ವೇರ್) ಮಾಡಿ ಗಿಟ್‌ಹಬ್ ಪೇಜಸ್‌ನಲ್ಲಿ (ಸೈಟ್ ಇಡ್ಲಿಕ್ಕೆ ಗಿಟ್‌ಹಬ್ ಕೊಡುವ ಜಾಗ) ಇಟ್ಟದ್ದು, ಖರ್ಚಿಲ್ಲ, ಬೇಗ ಓಪನ್ ಆಗ್ತದೆ. ಒಂದು ಕಾರ್ಯಕ್ರಮಕ್ಕೆ ಒಂದು ಫೈಲ್, ಅದರ ತಲೆಯಲ್ಲಿ ಮಾಹಿತಿಯನ್ನು ಸಾಲು ಸಾಲಾಗಿ ಬರೆಯುವ ಕ್ರಮವಾದ ಯಾಮಲ್‌ನಲ್ಲಿ ದಿನಾಂಕ, ಸ್ಥಳ, ಪ್ರಸಂಗ, ಭಾಗವತರು, ಚೆಂಡೆ, ಮದ್ದಳೆ, ಮತ್ತೆ ಅರ್ಥಧಾರಿಗಳಲ್ಲಿ (ಪಾತ್ರದ ಮಾತು ಹೇಳುವವರಲ್ಲಿ) ಯಾರು ಯಾವ ಪಾತ್ರ ಅಂತ. ನಾನಿರುದು ಬೆಂಗ್ಳೂರಲ್ಲಿ, ಊರಲ್ಲಿ ಎಲ್ಲ ನೋಡಿಕೊಳ್ಳುದು ಕಾರ್ಯದರ್ಶಿ ಮಾಸ್ಟ್ರು. ಅವರು ಫೈಲ್ ಮುಟ್ಟಿದ್ರೆ ಎಲ್ಲಾದ್ರೂ ಒಂದು ಟ್ಯಾಬ್ ಬೀಳ್ತದೆ, ಇಲ್ಲ ಹೆಸರಿನ ಮಧ್ಯೆ ಕೋಲನ್ ಬಂದು ಆಚೆ ಒಂದು ಸ್ಪೇಸ್ ಬೀಳ್ತದೆ, ಬಿಲ್ಡ್, ಅಂದ್ರೆ ಫೈಲುಗಳಿಂದ ಸೈಟ್ ತಯಾರಾಗುದು, ನಿಲ್ತದೆ. ಅವರದ್ದು ತಪ್ಪಲ್ಲ, ಅಂಥ ಫೈಲ್ ಅವರ ಎದುರು ಇಡ್ಲೇ ಬಾರದು. ಬ್ರೌಸರಲ್ಲಿ ಖಾಲಿ ಜಾಗ ತುಂಬಿಸಿ ಸೇವ್ ಕೊಟ್ರೆ ಆಗುವ ಹಾಗೆ ಎಂತಾದ್ರೂ ಉಂಟಾ?

ಪೆರ್ಲ_ಡೆವ್:
ಡೆಕ್ಯಾಪ್ ಸಿಎಂಎಸ್ ನೋಡಿ ಅಣ್ಣ, ಬ್ರೌಸರಲ್ಲೇ ಸೈಟಿನ ವಿಷಯ ಹಾಕಿ ತಿದ್ದುವ ಸಾಫ್ಟ್‌ವೇರ್, ಮೊದಲು ನೆಟ್ಲಿಫೈ ಸಿಎಂಎಸ್ ಅಂತ ಇದ್ದದ್ದು, 2023ರಲ್ಲಿ ಹೆಸರು ಬದಲಾಯ್ತು. ಸೈಟಿನ ಅಡ್ಮಿನ್ ಫೋಲ್ಡರಿನಲ್ಲಿ ಎರಡು ಫೈಲ್ ಇಟ್ರೆ ಆಯ್ತು, ಒಂದು ಎಚ್‌ಟಿಎಂಎಲ್, ಇನ್ನೊಂದು ಕಾನ್ಫಿಗ್ (ಸೆಟ್ಟಿಂಗ್ ಬರೆಯುವ ಫೈಲ್). ಯಾವ ಫೀಲ್ಡ್ ಬೇಕು ಅಂತ ಕಾನ್ಫಿಗ್‌ನಲ್ಲಿ ಬರೆದ್ರೆ ಅದುವೇ ಫಾರಂ ಮಾಡಿ ತೋರಿಸ್ತದೆ, ಸೇವ್ ಮಾಡುವಾಗ ಯಾಮಲ್ ಅದುವೇ ಬರೀತದೆ, ಮಾಸ್ಟ್ರಿಗೆ ಕೋಲನ್ ಎಲ್ಲ ಕಾಣುದೇ ಇಲ್ಲ. ಫೀಲ್ಡಿನ ನೇಮ್ ಇಂಗ್ಲಿಷಲ್ಲಿರ್ಲಿ, ಲೇಬಲ್ ಮಾತ್ರ ಕನ್ನಡದಲ್ಲಿ ಹಾಕಿ, ಹಿಮ್ಮೇಳ (ಹಾಡು-ವಾದ್ಯದವರು), ಮುಮ್ಮೇಳ (ಅರ್ಥಧಾರಿಗಳು), ಕರಪತ್ರದಲ್ಲಿ ಹೇಗೆ ಬರ್ತದೋ ಅದೇ ಮಾತು ಅದೇ ಕ್ರಮದಲ್ಲಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸ್ತದೆ, ಮಾಸ್ಟ್ರು ಕರಪತ್ರ ಕೈಯಲ್ಲಿ ಹಿಡ್ಕೊಂಡು ಮೇಲಿಂದ ಕೆಳಗೆ ತುಂಬಿಸ್ತಾ ಹೋಗ್ಬೇಕು, ಹುಡುಕುವ ಕೆಲಸ ಇರ್ಬಾರದು. ಅರ್ಥಧಾರಿಗಳಿಗೆ ಲಿಸ್ಟ್ ವಿಜೆಟ್, ಒಳಗೆ ಹೆಸರು ಮತ್ತು ಪಾತ್ರ ಅಂತ ಎರಡು ಫೀಲ್ಡ್, ಆಗ ಕರ್ಣನಿಗೊಂದು ಸಾಲು ಶಲ್ಯನಿಗೊಂದು ಸಾಲು ಅಂತ ಬೇಕಾದಷ್ಟು ಸೇರಿಸಬಹುದು. ಸ್ಥಳಕ್ಕೆ ಸೆಲೆಕ್ಟ್ (ಪಟ್ಟಿಯಿಂದ ಆರಿಸುವ ಫೀಲ್ಡ್) ಹಾಕಿ, ಇಲ್ಲದಿದ್ರೆ ಒಬ್ರು ಕುಂಬಳೆ ಇನ್ನೊಬ್ರು ಕುಂಬ್ಳೆ ಬರೆದು ಊರಿನ ಪ್ರಕಾರ ಹುಡುಕುವಾಗ ಅರ್ಧ ಕಾರ್ಯಕ್ರಮ ಸಿಗುದಿಲ್ಲ. ಫೈಲಿನ ಹೆಸರು ದಿನಾಂಕದಿಂದ ಬರ್ಲಿ, ಕನ್ನಡ ಶೀರ್ಷಿಕೆಯಿಂದ ಬಂದ್ರೆ ವಾಟ್ಸಪ್ಪಲ್ಲಿ ಲಿಂಕ್ ಕಳಿಸುವಾಗ ಪರ್ಸೆಂಟ್ ಚಿಹ್ನೆ ತುಂಬಿ ಮಾರುದ್ದ ಆಗ್ತದೆ.
ಒಂದು ತೊಂದರೆ ಉಂಟು, ಗಿಟ್‌ಹಬ್ ಲಾಗಿನ್‌ಗೆ ಮಧ್ಯೆ ಒಂದು ಸಣ್ಣ ಓಆಥ್ ಸರ್ವರ್ (ಲಾಗಿನ್ ಆದವರು ಯಾರು ಅಂತ ಖಚಿತ ಮಾಡುವಂಥದ್ದು) ಬೇಕು, ಗಿಟ್‌ಹಬ್ ಪೇಜಸ್ ಅದನ್ನು ಕೊಡುದಿಲ್ಲ. ಮಾಸ್ಟ್ರಿಗೂ ಗಿಟ್‌ಹಬ್ ಅಕೌಂಟ್ ಬೇಕಾಗ್ತದೆ.

ಉಪ್ಪಳದವ:
ವರ್ಡ್‌ಪ್ರೆಸ್ ಹಾಕಿ ಬಿಡಿ, ಎಲ್ರಿಗೂ ಗೊತ್ತಿರುದು.

ಪೆರ್ಲ_ಡೆವ್:
ಆಗುದಿಲ್ಲ ಅಂತಲ್ಲ, ಆದ್ರೆ 2018ರಿಂದ ಅದರಲ್ಲಿ ಬರುವ ಬ್ಲಾಕ್ ಎಡಿಟರ್ ಬರಹಕ್ಕೆ ಒಳ್ಳೇದು, ಪಾತ್ರ ಒಂದು ಕಡೆ ಹೆಸರು ಒಂದು ಕಡೆ ಅಂತ ಬೇರೆ ಬೇರೆ ಇಡ್ಲಿಕ್ಕೆ ಕಸ್ಟಮ್ ಪೋಸ್ಟ್ ಟೈಪ್ (ನಮ್ಮದೇ ನಮೂನೆಯ ಪುಟ), ಫೀಲ್ಡಿಗೊಂದು ಪ್ಲಗಿನ್ ಎಲ್ಲ ಬೇಕು. ಮೇಲಿಂದ ಹೋಸ್ಟಿಂಗ್ ಖರ್ಚು, ಅಪ್‌ಡೇಟ್. ಸಣ್ಣ ಕೂಟಕ್ಕೆ ಯಾಕೆ?

ಮುಳ್ಳೇರಿಯ_ಗ್ರಂಥಾಲಯ:
ಮಾಸ್ಟ್ರು ಕಂಪ್ಯೂಟರ್ ಉಪಯೋಗಿಸ್ತಾರಾ ಮೊಬೈಲಾ, ಅದನ್ನು ಮೊದಲು ಕೇಳಿ. ಡೆಕ್ಯಾಪ್ ಮೊಬೈಲ್ ಸ್ಕ್ರೀನಲ್ಲಿ ಕಷ್ಟ ಆಗಬಹುದು. ಮೊಬೈಲಾದ್ರೆ ಗೂಗಲ್ ಫಾರಂ ಕೊಡಿ, ಅದು ಶೀಟಿಗೆ ಬೀಳ್ತದೆ, ಶೀಟನ್ನು ಕೊಮಾ ಹಾಕಿ ಬೇರ್ಪಡಿಸಿದ ಸರಳ ಫೈಲ್, ಅಂದ್ರೆ ಸಿಎಸ್‌ವಿಯಾಗಿ ಪಬ್ಲಿಶ್ ಮಾಡಿದ್ರೆ ಹ್ಯೂಗೋ ಬಿಲ್ಡ್ ಆಗುವಾಗ ಓದಿಕೊಳ್ತದೆ. ಗೂಗಲ್ ಫಾರಮಲ್ಲಿ ಹೆಸರು-ಪಾತ್ರದ ಜೋಡಿಯನ್ನು ಬೇಕಾದಷ್ಟು ಸಲ ಸೇರಿಸುವ ಹಾಗಿಲ್ಲ, ಅದಕ್ಕೆ ಒಂದು ದೊಡ್ಡ ಬಾಕ್ಸ್ ಕೊಟ್ಟು ಸಾಲಿಗೆ ಒಬ್ರಂತೆ ಬರೆಯಿಸಿ, ಮೊದಲು ಪಾತ್ರ, ಮಧ್ಯೆ ಅಡ್ಡಗೆರೆ, ಮತ್ತೆ ಹೆಸರು, ಟೆಂಪ್ಲೇಟಲ್ಲಿ ಸಾಲು ಒಡೆದು ತೋರಿಸ್ಬಹುದು. ಮತ್ತೆ ಆ ಸಿಎಸ್‌ವಿ ಲಿಂಕ್ ಸಿಕ್ಕಿದ ಯಾರೂ ಓದಬಹುದು, ಕಲಾವಿದರ ಫೋನ್ ನಂಬ್ರ ದಯವಿಟ್ಟು ಅದರಲ್ಲಿ ಇಡಬೇಡಿ.

ಬದಿಯಡ್ಕ_ಕೂಟ:
ತುಂಬಾ ಉಪಕಾರ ಆಯ್ತು. ಮಾಸ್ಟ್ರ ಹತ್ರ ಲ್ಯಾಪ್‌ಟಾಪ್ ಉಂಟು, ಮಗಳು ಕೊಡಿಸಿದ್ದು, ಹಾಗಾಗಿ ಡೆಕ್ಯಾಪೇ ಮಾಡ್ತೇನೆ, ಪಾತ್ರದ ಜೋಡಿ ಸರಿಯಾಗಿ ಉಳೀಬೇಕು ಅಂತ ನನಗೆ ತುಂಬಾ ಆಸೆ, ಯಾರು ಎಲ್ಲಿ ಯಾವ ಅರ್ಥ ಹೇಳಿದ್ರು ಅಂತ ನಾಳೆ ಹುಡುಕುವವರಿಗೆ ಸಿಗ್ಬೇಕಲ್ಲ. ಇನ್ನೊಂದು, ಪ್ರೆಸ್‌ನವರು ಕರಪತ್ರದ ಮ್ಯಾಟರ್ ನುಡಿಯ ಹಳೇ ಫಾಂಟಲ್ಲಿ ಕಳಿಸ್ತಾರೆ, ಪೇಸ್ಟ್ ಮಾಡಿದ್ರೆ ಎಬಿಸಿಡಿ ಬರ್ತದೆ, ಅದಕ್ಕೆಂತ ಮಾಡುದು?

ಪೆರ್ಲ_ಡೆವ್:
ಅದು ಯೂನಿಕೋಡ್ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರದ ಆಸ್ಕಿ ಸಂಕೇತಕ್ಕೆ ಫಾಂಟಲ್ಲಿ ಕನ್ನಡ ರೂಪ ಕೊಟ್ಟದ್ದು, ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವ ಕನ್ವರ್ಟರಿಗೆ ಹಾಕಿ ತೆಗೀರಿ, ಮತ್ತೆ ಒತ್ತಕ್ಷರ, ಅರ್ಕಾವತ್ತು ಒಂದು ಸಲ ಕಣ್ಣಲ್ಲಿ ನೋಡಿ. ಕಾನ್ಫಿಗ್‌ನಲ್ಲಿ ಆ ಫೀಲ್ಡಿಗೆ ಪ್ಯಾಟರ್ನ್ ಅಂತ ಕೊಡ್ಲಿಕ್ಕಾಗ್ತದೆ, ಕನ್ನಡ ಅಕ್ಷರ ಇಲ್ಲದಿದ್ರೆ ಸೇವ್ ಆಗದ ಹಾಗೆ, ಜೊತೆಗೆ ನಿಮ್ಮದೇ ಮಾತಲ್ಲಿ ಸೂಚನೆ ತೋರಿಸುವ ಹಾಗೆ. ಮತ್ತೆ ಮಾಸ್ಟ್ರಿಗೆ ಮೊದಲೇ ಹೇಳಿಡಿ, ಪಬ್ಲಿಶ್ ಒತ್ತಿದ ಕೂಡ್ಲೇ ಸೈಟಲ್ಲಿ ಕಾಣುದಿಲ್ಲ, ಬಿಲ್ಡ್ ಆಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು, ಕಾಣುದಿಲ್ಲ ಅಂತ ಇನ್ನೊಂದು ಸಲ ಹೊಸತಾಗಿ ಹಾಕುದು ಬೇಡ.