ಒಂದೇ ದಿನದ ವಿಪತ್ತು ತರಬೇತಿ: ಎಲ್ಲಿಂದ ಶುರು ಮಾಡಲಿ?

ನಾನು 100 ಹಾಸಿಗೆಯ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ಮುಂದಿನ ತಿಂಗಳು ನಮ್ಮ ಸಿಬ್ಬಂದಿಗೆ ಒಂದು ದಿನದ ತರಬೇತಿ ಮಾಡಿಸುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ದೊಡ್ಡ ಅಪಘಾತ, ವಿಷಗಾಳಿ, ಜೈವಿಕ ದಾಳಿ ಮೂರೂ ಇರಬೇಕಂತೆ. ಹೋದ ಸಲ ಬೆಳಗ್ಗಿನಿಂದ ಸಂಜೆವರೆಗೆ ಸ್ಲೈಡ್ ತೋರಿಸಿದ್ದರು. ಈಗ ಕೇಳಿದರೆ ಯಾರಿಗೂ ಏನೂ ನೆನಪಿಲ್ಲ. ಇಂಥದ್ದು ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಏನು ಕಲಿಸಿದರೆ ತಲೆಯಲ್ಲಿ ಉಳಿಯುತ್ತದೆ?

ಕ್ಯಾಶುವಾಲ್ಟಿಯಲ್ಲಿ 22 ವರ್ಷ ದುಡಿದ ನರ್ಸ್:

ಸಿಸ್ಟರ್, ನಾನು ಇಂಥ ತರಬೇತಿ ಆರು ಸಲ ಮಾಡಿಸಿದ್ದೇನೆ. ಮೊದಲ ಎರಡು ದಂಡವಾದವು. ನರ್ವ್ ಏಜೆಂಟ್ (ನರಗಳನ್ನು ಕೆಡಿಸುವ ವಿಷ), ಆಂಥ್ರಾಕ್ಸ್ (ಬ್ಯಾಕ್ಟೀರಿಯಾದಿಂದ ಬರುವ ರೋಗ) ಅಂತ ಬೋರ್ಡ್ ಮೇಲೆ ಬರೆದೆ. "ಇದೆಲ್ಲ ನಮ್ಮೂರಿಗೆ ಎಲ್ಲಿ ಬರುತ್ತೆ" ಅಂತ ಎಲ್ಲರೂ ಸುಮ್ಮನೆ ಕೂತರು.

ಮೂರನೇ ಸಲ ಬೇರೆ ಥರ ಕೇಳಿದೆ. "ಹೊಲಕ್ಕೆ ಹೊಡೆಯೋ ಔಷಧಿ ಕುಡಿದವರನ್ನು ಕರ್ಕೊಂಡು ಬಂದರೆ ಮೊದಲು ಏನು ನೋಡ್ತೀರಿ?" ಆಗ ನೋಡಿ, ಎಲ್ಲರಿಗೂ ಮಾತು ಬಂತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ, ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಕೈಗೆ ಬರಬೇಕಾದ್ದು ಆ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್. ಹೊಸದಾಗಿ ಸೇರಿದ ಹುಡುಗಿ ಕೂಡ ಪಟಪಟ ಹೇಳಿದಳು. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ಬಿಟ್ಟ ಸರಿನ್ ಕೂಡ ಇದೇ ಜಾತಿಯ ವಿಷ ಅಂದೆ. ಅವರಿಗೆ ಆಗಲೇ ಅರ್ಧ ಪಾಠ ಬರುತ್ತಿತ್ತು.

ಉಳಿದರ್ಧ ಟೋಕಿಯೋದ್ದು. ಅಲ್ಲಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಅವತ್ತು ಒಂದೇ ದಿನ 640 ಜನ ಬಂದರು. ಆಂಬುಲೆನ್ಸ್‌ಗೆ ಕಾಯದೆ ನಡೆದು ಬಂದವರು, ಟ್ಯಾಕ್ಸಿ ಹಿಡಿದು ಬಂದವರು ಬಹಳ. ಹಾಕಿದ ಬಟ್ಟೆಯಲ್ಲೇ ಒಳಗೆ ಬಂದರು. ಬಟ್ಟೆಯಿಂದ ಎದ್ದ ಆವಿ ಸಿಬ್ಬಂದಿಗೂ ತಾಗಿತು. ಆಮೇಲೆ ವಿಚಾರಿಸಿದಾಗ ಸುಮಾರು ಕಾಲು ಭಾಗದವರು ಕಣ್ಣು, ತಲೆನೋವಿನಂಥ ತೊಂದರೆ ಹೇಳಿದ್ದರು.

ಹಾಗಾಗಿ ವಿಷದ ಪಾಠವನ್ನು ಹಾಲ್‌ನಲ್ಲಿ ಮಾಡಬೇಡಿ. ಗೇಟಿನ ಹತ್ತಿರ, ನಲ್ಲಿ ಇರುವ ಕಡೆ ಮಾಡಿ. ಮೇಲಿನ ಬಟ್ಟೆ ತೆಗೆಸಿದರೇ ಬಹುಪಾಲು ವಿಷ ಹೊರಗೆ ಉಳಿಯುತ್ತದೆ. ಆಮೇಲೆ ಧಾರಾಳವಾಗಿ ನೀರು. ಆದರೆ ನಮ್ಮ ಹೆಂಗಸರು ಬಯಲಲ್ಲಿ ಬಟ್ಟೆ ತೆಗೀತಾರಾ? ನಮ್ಮ ಡ್ರಿಲ್ ನಿಂತದ್ದೇ ಅಲ್ಲಿ. ಎರಡು ಕಂಬಕ್ಕೆ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟೆವು. ಉಡಲು ನೈಟಿ, ಲುಂಗಿ ಒಂದು ಗಂಟು ತಂದಿಟ್ಟೆವು. ಆ ಗಂಟು ಈಗಲೂ ಸ್ಟೋರ್ ಬಾಗಿಲ ಪಕ್ಕದಲ್ಲೇ ಇರುತ್ತದೆ.

ಇನ್ನು ಅಪಘಾತ. ನಾನು ಹಿಂದೆ ಇದ್ದ ಒಂದು ಆಸ್ಪತ್ರೆಗೆ ಒಂದು ರಾತ್ರಿ ಬಸ್ ಪಲ್ಟಿಯಾದವರು ಬಂದರು. ಆಟೋದಲ್ಲಿ ಮೊದಲು ಬಂದದ್ದು ಕೈಕಾಲು ತರಚಿದವರು. ಹಾಸಿಗೆಗಳೆಲ್ಲ ಅವರಿಂದಲೇ ತುಂಬಿದವು. ಆಮೇಲೆ ಉಸಿರಿಗೆ ಒದ್ದಾಡುವ ಒಬ್ಬ ಹುಡುಗನನ್ನು ತಂದರು. ಆಕ್ಸಿಜನ್ ಪಾಯಿಂಟ್ ಇರುವ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. ನೆಲದ ಮೇಲೆ ಮಲಗಿಸಿ, ಕಾರಿಡಾರ್ ತುದಿಯಿಂದ ಸಿಲಿಂಡರ್ ಉರುಳಿಸಿಕೊಂಡು ಬಂದೆವು. ಹುಡುಗ ಉಳಿದ. ಆ ಸಿಲಿಂಡರ್ ಸದ್ದು ಮಾತ್ರ ಇನ್ನೂ ನನ್ನ ಕಿವಿಯಲ್ಲಿದೆ.

ಆವತ್ತಿನಿಂದ ಬಾಗಿಲಲ್ಲೇ ವಿಂಗಡಿಸುವುದನ್ನು ಪಟ್ಟು ಹಿಡಿದು ಕಲಿಸುತ್ತೇನೆ. ನಡೆಯಬಲ್ಲವರಿಗೆ ಹಸಿರು ಪಟ್ಟಿ, ಅವರು ಓಪಿಡಿ ಕಡೆ. ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು, ಅಂದರೆ ಮೊದಲು ನೋಡಬೇಕಾದವರು. ಉಗುರು ಒತ್ತಿ ಬಿಟ್ಟಾಗ ಅದರ ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕೆಂಪು ಪಟ್ಟಿ. "ಕೈ ಎತ್ತಿ" ಅಂದರೆ ಎತ್ತದಿದ್ದರೂ ಕೆಂಪು. ಇವು ಮೂರೂ ಸರಿ ಇದ್ದು ಏಳಲಾಗದವರು ಹಳದಿ, ಸ್ವಲ್ಪ ಕಾಯಬಲ್ಲವರು. ಉಸಿರಿಲ್ಲ, ತಲೆ ಹಿಂದೆ ಬಾಗಿಸಿ ಉಸಿರಿನ ದಾರಿ ಬಿಡಿಸಿದರೂ ಬರಲಿಲ್ಲ ಅಂದರೆ ಕಪ್ಪು, ಉಳಿಸಲಾಗದವರು. ಮಕ್ಕಳ ಲೆಕ್ಕ ಬೇರೆ. ಉಸಿರಿಲ್ಲದಿದ್ದರೂ ನಾಡಿ ಇದ್ದರೆ ಐದು ಸಲ ಉಸಿರು ಕೊಟ್ಟು ನೋಡಿದ ಮೇಲೆಯೇ ತೀರ್ಮಾನ.

ಕಪ್ಪು ಪಟ್ಟಿ ಕಟ್ಟುವಾಗ ಡ್ರಿಲ್‌ನಲ್ಲೂ ಕೈ ನಡುಗುತ್ತದೆ. ನಮ್ಮಲ್ಲಿ ಒಬ್ಬಳು ಅತ್ತೇ ಬಿಟ್ಟಳು. ಅದಕ್ಕೆ ಸಮಯ ಕೊಡಿ. ಮುಂದಿನ ಪಾಠಕ್ಕೆ ಅವಸರ ಮಾಡಬೇಡಿ.

ಜಿಲ್ಲಾ ಮಟ್ಟದ ಲ್ಯಾಬ್‌ನ ಮೈಕ್ರೋಬಯಾಲಜಿಸ್ಟ್:

ಮೇಡಂ, ಜೈವಿಕ ದಾಳಿಯ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಸದ್ದು ಮಾಡಿ ಬರುವುದಿಲ್ಲ. ಜ್ವರ ಅಂತ ಬರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ಕಳಿಸಿದಾಗ 22 ಜನರಿಗೆ ರೋಗ ಬಂತು, 5 ಜನ ಸತ್ತರು. ಅದು ಬಯಲಾದದ್ದು ಫ್ಲಾರಿಡಾದ ಒಬ್ಬ ರೋಗಿಯ ಬೆನ್ನುಹುರಿ ನೀರಿನಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ನೋಡಿ ವೈದ್ಯರೊಬ್ಬರಿಗೆ ಅನುಮಾನ ಬಂದದ್ದರಿಂದ.

ದಾಳಿಯೋ, ತಾನಾಗೇ ಬಂದ ರೋಗವೋ, ಮೊದಲ ದಿನ ನಾವು ಮಾಡಬೇಕಾದ್ದು ಒಂದೇ. 2018ರ ಮೇನಲ್ಲಿ ಕೋಳಿಕ್ಕೋಡ್‌ನಲ್ಲಿ ಒಂದೇ ಮನೆಯವರು ಒಬ್ಬರ ಹಿಂದೆ ಒಬ್ಬರು ಒಂದೇ ಥರ ಕಾಯಿಲೆ ಬಿದ್ದರು. ವೈದ್ಯರು ಅದನ್ನು ಗಮನಿಸಿ ಸ್ಯಾಂಪಲ್‌ಗಳನ್ನು ನಮ್ಮ ಮಣಿಪಾಲದ ವೈರಸ್ ಲ್ಯಾಬ್‌ಗೆ ಕಳಿಸಿದರು. ನಿಫಾ ವೈರಸ್ ಅಂತ ಗೊತ್ತಾಯಿತು. ಅಷ್ಟರೊಳಗೆ ಮೊದಲ ರೋಗಿಯನ್ನು ನೋಡಿಕೊಂಡ ಪೇರಾಂಬ್ರಾ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಅವರಿಗೂ ಸೋಂಕು ತಗುಲಿತ್ತು. ಅವರು ಉಳಿಯಲಿಲ್ಲ. ನಿಮ್ಮದೂ ತಾಲ್ಲೂಕು ಆಸ್ಪತ್ರೆಯೇ ಅಲ್ವಾ? ಅವರ ಬಗ್ಗೆ ಖಂಡಿತ ಹೇಳಿ.

ಮಲೆನಾಡಿನ ಆಶಾ ಕಾರ್ಯಕರ್ತೆಯರಿಗೆ ಕಾಡಂಚಲ್ಲಿ ಮಂಗ ಸತ್ತರೆ ತಿಳಿಸಬೇಕು ಅಂತ ಗೊತ್ತು. ಕ್ಯಾಸನೂರು ಕಾಡಿನ ಕಾಯಿಲೆ (ಮಂಗನ ಕಾಯಿಲೆ) 1957ರಿಂದ ಕಲಿಸಿದ ಪಾಠ ಅದು. ಅದೇ ಅಭ್ಯಾಸವನ್ನು ವಾರ್ಡಿಗೂ ತನ್ನಿ. ಒಂದೇ ಕಡೆಯ ಇಬ್ಬರು ಮೂವರಿಗೆ ವಿಚಿತ್ರ ಜ್ವರ, ಗಟ್ಟಿಮುಟ್ಟಾದ ಯುವಕ ಎರಡೇ ದಿನದಲ್ಲಿ ಕುಸಿಯುವುದು, ಸುತ್ತಮುತ್ತ ಪ್ರಾಣಿಗಳ ಸಾವು. ಇವುಗಳಲ್ಲಿ ಯಾವುದು ಕಂಡರೂ ಮಾಸ್ಕ್ ಹಾಕಿ, ರೋಗಿಯನ್ನು ಬೇರೆ ಮಾಡಿ, ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಫೋನ್ ಮಾಡಿ. ರಿಪೋರ್ಟ್ ಬರಲಿ ಅಂತ ಕಾಯಬೇಡಿ. ಆ ನಂಬರ್ ನರ್ಸಿಂಗ್ ಸ್ಟೇಷನ್ ಗೋಡೆ ಮೇಲೆ ದೊಡ್ಡದಾಗಿ ಬರೆದಿರಲಿ.

ಸೋಂಕು ನಿಯಂತ್ರಣ ನರ್ಸ್:

ಪಿಪಿಇ (ಗೌನ್, ಗ್ಲೌಸ್, ಮಾಸ್ಕ್‌ನಂಥ ರಕ್ಷಣಾ ಉಡುಪು) ಹಾಕುವುದನ್ನು ಎಲ್ಲರೂ ಕಲಿಸುತ್ತಾರೆ. ಸೋಂಕು ತಗುಲುವುದು ಜಾಸ್ತಿ ತೆಗೆಯುವಾಗ. ಗ್ಲೌಸ್ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ, ಎಲ್ಲ ತೆಗೆಯಲು ಹೇಳಿ. ನಮ್ಮಲ್ಲಿ ಮೊದಲ ಸಲ ಹನ್ನೆರಡು ಜನರಲ್ಲಿ ಒಂಬತ್ತು ಜನರ ಮುಂಗೈ, ಕೊರಳ ಮೇಲೆ ಕೆಂಪು ಇತ್ತು. ಒಬ್ಬರ ರೆಪ್ಪೆ ಮೇಲೂ ಇತ್ತು. ಅವರು ಕನ್ನಡಿ ಮುಂದೆ ತುಂಬ ಹೊತ್ತು ನಿಂತಿದ್ದರು. ಒಬ್ಬರು ತೆಗೆಯುವಾಗ ಇನ್ನೊಬ್ಬರು ಎದುರು ನಿಂತು ಒಂದೊಂದೇ ಹಂತ ಹೇಳಬೇಕು. ಮಾಸ್ಕ್ ಕೊನೆಗೆ. ಗ್ರೂಪ್ ಡಿ ಸಿಬ್ಬಂದಿ, ಆಂಬುಲೆನ್ಸ್ ಡ್ರೈವರ್‌ಗೂ ಇದೇ ಪಾಠ. ರೋಗಿಯನ್ನು ಎತ್ತುವವರು, ನೆಲ ಒರೆಸುವವರು ಅವರೇ ತಾನೆ?

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಲೈಡ್ ಕೈಬಿಟ್ಟೆ. ಡ್ರಿಲ್ ಯಾವ ಹೊತ್ತಿಗೆ ಮಾಡಲಿ?

ಕ್ಯಾಶುವಾಲ್ಟಿ ನರ್ಸ್:

ಮೊದಲನೆಯದು ಹಗಲಲ್ಲಿ. ಪೊಲೀಸ್ ಠಾಣೆಗೂ ರೋಗಿಗಳ ಕಡೆಯವರಿಗೂ ಮುಂಚೆಯೇ ಹೇಳಿ, ಇಲ್ಲದಿದ್ದರೆ ಊರೆಲ್ಲ ಗಾಬರಿಯಾಗುತ್ತದೆ. ಎರಡನೆಯದು ರಾತ್ರಿ ಎರಡು ಗಂಟೆಗೆ, ಬರೀ ಫೋನ್ ಡ್ರಿಲ್. ಡ್ಯೂಟಿಯಲ್ಲಿರುವ ಸಿಸ್ಟರ್ ಪಟ್ಟಿ ಹಿಡಿದು ಎಲ್ಲರಿಗೂ ಕರೆ ಮಾಡಲಿ. ನಮ್ಮ ಪಟ್ಟಿಯ 38 ನಂಬರ್‌ಗಳಲ್ಲಿ 11 ಚಾಲ್ತಿಯಲ್ಲೇ ಇರಲಿಲ್ಲ. ಬೆಳಗ್ಗೆ ಚಹಾಕ್ಕೆ ಮುಂಚೆ ಹೊಸ ಪಟ್ಟಿ ಬರೆದು ಅಂಟಿಸಿದೆವು.