ಟ್ಯಾಂಕ್ ರಾತ್ರೋರಾತ್ರಿ ಅರ್ಧ ಖಾಲಿ, ಮಳೆ ಬಂದ್ರೆ ಕಮೋಡ್ ಬುಳಬುಳ: ಪ್ಲಂಬರ್ ಬರೋವರೆಗೆ ಏನು ಮಾಡ್ಬಹುದು?

ಕೋಡಿಬಾಗ_ಮನೆ:
ಕಾರವಾರ ಕೋಡಿಬಾಗದಲ್ಲಿ ಚಿರೆಕಲ್ಲಿನ ಮನೆ. ಬಾವಿ ನೀರು, ದಡದ ಮೇಲೆ 1 ಎಚ್‌ಪಿ ಪಂಪು, ತಾರಸಿ ಮೇಲೆ 1000 ಲೀಟರ್ ಟ್ಯಾಂಕ್. ರಾತ್ರಿ 9ಕ್ಕೆ ತುಂಬಿಸಿದ್ರೆ ಬೆಳಿಗ್ಗೆ 7ಕ್ಕೆ ಅರ್ಧ ಇಳಿದಿರ್ತದೆ, ಯಾರೂ ನಲ್ಲಿ ಬಿಟ್ಟಿರೋದಿಲ್ಲ. ಬಚ್ಚಲಲ್ಲಿ ಮಿಕ್ಸರ್ ಕೆಳಗೆ ಗೋಡೆಗೆ ಎರಡಡಿ ಅಗಲ ತೇವ ಬಂದಿದೆ. ಟ್ಯಾಂಕಿನ ಗೇಟ್ ವಾಲ್ವ್ ತುಕ್ಕು ಹಿಡಿದು ತಿರುಗೋದೇ ಇಲ್ಲ. ಇದರ ಜೊತೆಗೆ, ಜೋರು ಮಳೆಯ ದಿನ ಕಮೋಡ್ ಫ್ಲಶ್ ಮಾಡಿದ್ರೆ ಬುಳಬುಳ ಸದ್ದು, ನೀರು ನಿಧಾನಕ್ಕೆ ಇಳೀತದೆ. ಕೇಳಿದ ಪ್ಲಂಬರ್‌ಗಳೆಲ್ಲ ಚೌತಿ ಮುಗೀಲಿ ಅಂತಾರೆ. ಹಬ್ಬಕ್ಕೆ ನೆಂಟರು ಬರ್ತಾರೆ. ಗೋಡೆ ಒಡೆಸ್ಲೇಬೇಕಾ?

ನಲ್ಲಿ_ರಿಪೇರಿ_ಕುಮಟಾ:
ಗೋಡೆ ಸದ್ಯ ಮುಟ್ಟಬೇಡಿ. 10 ತಾಸಿಗೆ 500 ಲೀಟರ್ ಅಂದ್ರೆ ನಿಮಿಷಕ್ಕೆ ಮುಕ್ಕಾಲು ಲೀಟರಿಗೂ ಜಾಸ್ತಿ. ಅಷ್ಟು ನೀರು ಗೋಡೆಯೊಳಗೆ ಹೋಗಿದ್ರೆ ಬರೀ ತೇವ ಆಗ್ತಿರಲಿಲ್ಲ ಮಾರಾಯ್ರೆ, ಬೆಳಗಾಗೋದ್ರೊಳಗೆ ಬಚ್ಚಲು ತುಂಬಾ ನೀರಾಗ್ತಿತ್ತು. ಟ್ಯಾಂಕಿನದ್ದೇ ಬೇರೆ, ಗೋಡೆಯದ್ದೇ ಬೇರೆ ಅಂತ ಇಟ್ಕೊಂಡು ನೋಡಿ.

ಮೊದಲು ಫ್ಲಶ್ ಟ್ಯಾಂಕ್. ಮುಚ್ಚಳ ತೆಗೆದು ಬಟ್ಟೆಗೆ ಹಾಕೋ ನೀಲಿ ಒಂದು ಚಮಚ ಬಿಡಿ, ಅರ್ಧ ತಾಸು ಯಾರೂ ಫ್ಲಶ್ ಮಾಡೋದು ಬೇಡ. ಕಮೋಡಿನ ನೀರಿಗೆ ಬಣ್ಣ ಬಂದ್ರೆ ಸೋರಿಕೆ ಅಲ್ಲೇ. ನೀಲಿ ನೀರು ಓವರ್‌ಫ್ಲೋ ಕೊಳವೆಯ ಬಾಯಿಯಿಂದ ಇಳೀತಿದ್ರೆ ಫಿಲ್ ವಾಲ್ವಿನ ಫ್ಲೋಟ್ ತಗ್ಗಿಸಿ, ನೀರಿನ ಮಟ್ಟ ಕೊಳವೆ ಬಾಯಿಗಿಂತ ಒಂದಿಂಚು ಕೆಳಗೆ ನಿಲ್ಲಲಿ. ಅಲ್ಲಿ ಇಳಿಯದೆ ಬಣ್ಣ ಬಂದ್ರೆ ಅಡಿಯ ರಬ್ಬರ್ ವಾಷರ್. ಅದರ ಕೆಳಗೆ ಕೆಂಪು ಕೆಸರು ಕೂತಿರ್ತದೆ, ಒರೆಸಿದ್ರೂ ನಿಲ್ಲದಿದ್ರೆ ಹೊಸದು ಹಾಕಿ. ಅದನ್ನ ಬದಲಿಸೋಕೆ ಪ್ಲಂಬರ್ ಬೇಕಾಗಿಲ್ಲ, ಮೊದಲು ಕಮೋಡ್ ಪಕ್ಕದ ಆಂಗಲ್ ಕಾಕ್ ಮುಚ್ಚಿದ್ರೆ ಸಾಕು.

ನಿಜವಾಗಿ ಹೆದರಬೇಕಾದ್ದು ಆ ಗೇಟ್ ವಾಲ್ವಿಗೆ. ನಡುರಾತ್ರಿ ಹೆಲ್ತ್ ಫಾಸೆಟ್ ಪೈಪೋ ಗೀಸರ್ ಕನೆಕ್ಷನ್ ಪೈಪೋ ಒಡೆದ್ರೆ, ಆ ಜಾಗದ ಕಾಕೂ ಕೈಕೊಟ್ರೆ, ನಿಲ್ಲಿಸೋಕೆ ಅದೊಂದೇ ದಾರಿ. ಪೈಪ್ ರೆಂಚ್ ಹಾಕಿ ಜಗ್ಗಬೇಡಿ. ಸ್ಪಿಂಡಲ್ (ಚಕ್ರ ಕೂತಿರೋ ಕಡ್ಡಿ) ಮುರೀತದೆ, ಇಲ್ಲಾ ವಾಲ್ವನ್ನ ಟ್ಯಾಂಕಿಗೆ ಜೋಡಿಸೋ ನಿಪ್ಪಲ್ ತಿರುಗಿ ಟ್ಯಾಂಕೇ ಸೋರ್ತದೆ. ಹೊರಗಿಂದ ಸ್ಪಿಂಡಲ್ ಬುಡಕ್ಕೆ ಡಬ್ಲ್ಯೂಡಿ-40 ಬಿಟ್ಟು ಅರ್ಧ ತಾಸು ಕಾಯಿರಿ, ಸ್ಪಿಂಡಲ್ ಸುತ್ತ ಇರೋ ಗ್ಲ್ಯಾಂಡ್ ನಟ್ ಕಾಲು ಸುತ್ತು ಸಡಿಲಿಸಿ, ಚಕ್ರವನ್ನ ಆಚೆ ಸ್ವಲ್ಪ ಈಚೆ ಸ್ವಲ್ಪ ಅಲ್ಲಾಡಿಸ್ತಾ ಹೋಗಿ. ಬಂದ್ರೆ ನಟ್ ಮತ್ತೆ ಬಿಗಿ ಮಾಡಿ. ಬರದಿದ್ರೆ ಹಳೇ ಟವೆಲ್ ತುಂಡನ್ನ ಬಿರಡೆ ಥರ ಬಿಗಿಯಾಗಿ ಸುತ್ತಿ, ದಾರ ಕಟ್ಟಿ ತಾರಸಿಯಲ್ಲೇ ಇಟ್ಟಿರಿ. ಪೈಪ್ ಒಡೆದಾಗ ಅದನ್ನ ಟ್ಯಾಂಕಿನ ಒಳಗಿಂದ ಔಟ್‌ಲೆಟ್ ಬಾಯಿಗೆ ಒತ್ತಿ, ದಾರದ ತುದಿ ಹೊರಗೆ ಕಟ್ಟಬೇಕು. ದಾರ ಇಲ್ಲದಿದ್ರೆ ಬಟ್ಟೆ ಪೈಪಿನೊಳಗೆ ಹೋಗಿ ಇನ್ನೊಂದು ರಗಳೆ. ಟ್ಯಾಂಕಿನೊಳಗೆ ಇಳಿಯೋ ಸಾಹಸ ಬೇಡ.

ಹಬ್ಬ ಆದ ಮೇಲೆ ಆ ಜಾಗಕ್ಕೆ ಪ್ಲಾಸ್ಟಿಕ್ಕಿನ (ಯುಪಿವಿಸಿ) ಬಾಲ್ ವಾಲ್ವ್ ಹಾಕಿಸಿ, ಪಕ್ಕದಲ್ಲೇ ಒಂದು ಯೂನಿಯನ್ (ಬಿಚ್ಚಿ ಹಾಕೋಕೆ ಬರೋ ಜೋಡಣೆ) ಇರಲಿ. ಕಡಲ ಗಾಳಿಗೆ ಕಬ್ಬಿಣದ ಚಕ್ರ ಎಷ್ಟು ದಿನ ಉಳಿದೀತು?

ಶಿರಸಿ_ಪಂಪ್_ಸೆಟ್:
ಮೇಲಿನವರು ಹೇಳಿದ್ದೆಲ್ಲ ಸರಿ. ಇನ್ನೆರಡು ಪ್ರಶ್ನೆ. ನೀರು ದಿನಾ ಒಂದೇ ಗುರುತಿಗೆ ಇಳಿದು ನಿಲ್ತದಾ? ಬೆಳಿಗ್ಗೆ ಪಂಪಿಗೆ ನೀರು ಹೊಯ್ದೇ ಶುರು ಮಾಡ್ಬೇಕಾ? ಎರಡಕ್ಕೂ ಹೌದು ಅಂದ್ರೆ ನೀರು ಮನೆಯೊಳಗೆ ಸೋರ್ತಾ ಇಲ್ಲ, ವಾಪಸ್ ಬಾವಿಗೆ ಹೋಗ್ತಾ ಇದೆ.

ಅಂಕೋಲಾ_ಸೈಟ್:
ಕಮೋಡಿನ ವಿಷಯ. ಮಳೆಗೆ ಮಾತ್ರ ಆಗ್ತದೆ ಅಂದ್ರೆ ಪೈಪ್ ಕಟ್ಟಿರೋದು ಕಡಿಮೆ. ನಿಮ್ಮದು ಕಾಳಿ ಹೊಳೆ ಸಮುದ್ರ ಸೇರೋ ಕಡೆಯ ತಗ್ಗು ಜಾಗ, ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದು ಇಂಗುಗುಂಡಿ ಕುಡಿಯೋದೇ ನಿಲ್ಲಿಸ್ತದೆ. ಸದ್ದು ಬಂದಾಗ ಕಮೋಡಿಗೆ ಹತ್ತಿರದ ಚೇಂಬರ್ ಮುಚ್ಚಳ ಎತ್ತಿ ನೋಡಿ. ಖಾಲಿ ಇದ್ರೆ ಅಡಚಣೆ ಕಮೋಡಿಗೂ ಚೇಂಬರಿಗೂ ಮಧ್ಯೆ, ಅಥವಾ ಗಾಳಿ ಆಡೋ ವೆಂಟ್ ಪೈಪಿನ ಬಾಯಲ್ಲಿ ಗೂಡು ಕಟ್ಟಿದೆ. ತುಂಬಿದ್ರೆ ಮುಂದಿನ ಲೈನು, ಸೆಪ್ಟಿಕ್ ಟ್ಯಾಂಕ್ ಇಲ್ಲಾ ಇಂಗುಗುಂಡಿ. ತಾರಸಿಯ ಮಳೆನೀರಿನ ಪೈಪನ್ನ ಅದೇ ಚೇಂಬರಿಗೆ ಬಿಟ್ಟಿದ್ರೆ ಇವತ್ತೇ ತಪ್ಪಿಸಿ. ಈ ಕಡೆ ಅರ್ಧ ದೂರು ಅಷ್ಟಕ್ಕೇ ಮುಗೀತದೆ.

ನೆಂಟರು ಇರೋ ನಾಲ್ಕು ದಿನ ಬಚ್ಚಲ ನೀರು, ವಾಷಿಂಗ್ ಮಷಿನ್ ನೀರು ಸೆಪ್ಟಿಕ್‌ಗೆ ಹೋಗ್ತಿದ್ರೆ ತಿರುಗಿಸಿ ತೆಂಗಿನ ಬುಡಕ್ಕೆ ಬಿಡಿ. ಆ್ಯಸಿಡ್, ಫಿನಾಯಿಲ್ ಸುರಿದು ಏನೂ ಆಗೋದಿಲ್ಲ, ಒಳಗೆ ಕೆಲಸ ಮಾಡೋ ಬ್ಯಾಕ್ಟೀರಿಯಾ ಸಾಯ್ತದೆ ಅಷ್ಟೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸೋದಿದ್ರೆ ನಗರಸಭೆಯಲ್ಲಿ ಸಕ್ಕಿಂಗ್ ಗಾಡಿ ವಿಚಾರಿಸಿ. ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಜೀವ ಹೋಗ್ತದೆ, ರಕ್ಷಣಾ ಸಾಧನ ಇಲ್ಲದೆ ಇಳಿಸೋದು ಮಲಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಟ್ಯಾಂಕ್ ಪ್ಲಾಸ್ಟಿಕ್ ಅಥವಾ ಫೈಬರ್‌ದಾದ್ರೆ ಮಳೆಗಾಲದಲ್ಲಿ ಪೂರ್ತಿ ಬರಿದು ಮಾಡಿಸಲೇಬೇಡಿ. ಸುತ್ತಲಿನ ನೆಲದ ನೀರು ಅದನ್ನ ಮೇಲಕ್ಕೆ ಎತ್ತಿ ಪೈಪುಗಳನ್ನೆಲ್ಲ ಕಿತ್ತು ಹಾಕ್ತದೆ. ಬಾವಿ ಇಂಗುಗುಂಡಿಗೆ ಹತ್ತಿರ ಇದ್ರೆ ಸದ್ಯ ಕುದಿಸದೆ ನೀರು ಕುಡೀಬೇಡಿ.

ಕೋಡಿಬಾಗ_ಮನೆ:
ನೀಲಿ ಹಾಕಿ ನೋಡಿದೆ, ಬಣ್ಣ ಬರಲಿಲ್ಲ. @ಶಿರಸಿ_ಪಂಪ್_ಸೆಟ್ ಅವರೆ, ಎರಡಕ್ಕೂ ಹೌದು! ಪಂಪಿನ ಪೈಪು ಟ್ಯಾಂಕಿನೊಳಗೆ ಅರ್ಧದವರೆಗೆ ಇಳಿದಿದೆ, ನೀರು ಸರಿಯಾಗಿ ಅದರ ಬಾಯಿ ಹತ್ತಿರ ನಿಲ್ತದೆ. ಮಳೆನೀರಿನ ಪೈಪೂ ಚೇಂಬರಿಗೇ ಇದೆ, ತಪ್ಪಿಸ್ತೇನೆ.

ಶಿರಸಿ_ಪಂಪ್_ಸೆಟ್:
ಹಾಗಾದ್ರೆ ಅದೇ. ನೀರು ಬೀಳೋ ಸದ್ದು ಬೇಡ ಅಂತ ಪೈಪು ಒಳಗೆ ಇಳಿಸಿರ್ತಾರೆ. ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯೋ ಫುಟ್ ವಾಲ್ವ್ ಸರಿ ಇರೋವರೆಗೆ ಅಡ್ಡಿಲ್ಲ. ಅದರ ಬಾಯಲ್ಲಿ ಎಲೆಯೋ ಮರಳೋ ಸಿಕ್ಕಿದ್ರೆ ಪಂಪ್ ನಿಂತ ಕೂಡ್ಲೇ ಸೈಫನ್ ಶುರು, ಅಂದ್ರೆ ಪೈಪೇ ಟ್ಯಾಂಕಿನ ನೀರನ್ನ ಕೆಳಗೆ ಬಾವಿಗೆ ಎಳೀತದೆ. ಪೈಪಿನ ಬಾಯಿಗೆ ಗಾಳಿ ಸಿಗೋವರೆಗೂ ನೀರು ಇಳೀತದೆ, ಆಮೇಲೆ ಪೈಪ್ ಪೂರ್ತಿ ಖಾಲಿ. ಬೆಳಿಗ್ಗೆ ಪಂಪಿಗೆ ನೀರು ಹೊಯ್ಯೋ ಕೆಲಸ ಬರೋದು ಅದಕ್ಕೇ.

ಇವತ್ತಿಗೆ: ಟ್ಯಾಂಕಿನೊಳಗೆ ಇಳಿಯೋ ಪೈಪಿಗೆ, ನೀರು ತುಂಬಿದಾಗಲೂ ಮುಳುಗದಷ್ಟು ಮೇಲೆ, 6 ಮಿ.ಮೀ. ತೂತು ಹಾಕಿ. ಪಂಪ್ ನಿಂತಾಗ ಅಲ್ಲಿಂದ ಗಾಳಿ ಹೊಕ್ಕು ಸೈಫನ್ ಕಡೀತದೆ. ತೂತು ಟ್ಯಾಂಕಿನ ಒಳಬದಿಗೇ ಮುಖ ಮಾಡಿರಲಿ, ಪಂಪ್ ಓಡುವಾಗ ಅಲ್ಲಿಂದ ನೀರು ಚಿಮ್ಮುತ್ತದೆ. ಪೈಪನ್ನೇ ಆ ಎತ್ತರಕ್ಕೆ ಕತ್ತರಿಸಿದ್ರೆ ಇನ್ನೂ ಒಳ್ಳೇದು. ಫುಟ್ ವಾಲ್ವ್ ಮೇಲೆತ್ತಿ ತೊಳೆದು ವಾಷರ್ ಬದಲಿಸೋದನ್ನ ಹಬ್ಬದ ನಂತರ ಮಾಡಿಸಿ. ಅಲ್ಲಿವರೆಗೆ ಪಂಪಿಗೆ ನೀರು ಹೊಯ್ಯೋದು ತಪ್ಪೋದಿಲ್ಲ, ಒಣ ಓಡಿಸಿದ್ರೆ ಸೀಲ್ ಸುಡ್ತದೆ.

ನಲ್ಲಿ_ರಿಪೇರಿ_ಕುಮಟಾ:
ಸೈಫನ್ ಹೊಳೀಲಿಲ್ಲ ನೋಡಿ, ಚೆನ್ನಾಗಿ ಹಿಡಿದ್ರಿ. ಗೋಡೆಗೆ: ತೇವದ ಜಾಗ ಒರೆಸಿ ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹನಿ ಹಾಳೆಯ ಹೊರಮೈ ಮೇಲೆ ಬಂದ್ರೆ ಬರೀ ಗಾಳಿಯ ತೇವ. ಒಳಮೈಯಲ್ಲಿ ಬಂದ್ರೆ ನೀರು ಗೋಡೆಯೊಳಗಿಂದ. ಆಗಲೂ ಅದು ಪೈಪಿನದ್ದೇ ಅಂತಲ್ಲ, ಹೊರಗಡೆ ಗಿಲಾವು ಬಿರುಕು ಬಿಟ್ರೆ ಚಿರೆಕಲ್ಲು ಮಳೆನೀರು ಹೀರ್ತದೆ. ಗೇಟ್ ವಾಲ್ವ್ ತಿರುಗೋ ಹಾಗಾದ ಮೇಲೆ, ಮಳೆ ಇಲ್ಲದ ಎರಡು ದಿನ ರಾತ್ರಿ ಅದನ್ನ ಮುಚ್ಚಿಟ್ಟು ನೋಡಿ. ತೇವ ಕುಗ್ಗಿದ್ರೆ ಮಾತ್ರ ಟೈಲ್ಸ್ ಒಡೆಯೋ ಮಾತು. ಹಾಗೆ ಒಡೆದ್ರೆ ಮಿಕ್ಸರ್ ಹಿಂದಿನ ಹಿತ್ತಾಳೆ ಥ್ರೆಡ್ ಇರೋ ಎಲ್ಬೋವನ್ನೇ ಮೊದಲು ನೋಡೋಕೆ ಹೇಳಿ, ಟೆಫ್ಲಾನ್ ಜಾಸ್ತಿ ಸುತ್ತಿ ಅತಿಯಾಗಿ ಬಿಗಿದಲ್ಲಿ ಅದು ಸೀಳಿರ್ತದೆ. ಅದಕ್ಕೆ ಎಂ-ಸೀಲ್ ಮೆತ್ತೋಕೆ ಬಿಡಬೇಡಿ, ತುಂಡು ಕತ್ತರಿಸಿ ಹೊಸ ಎಲ್ಬೋ ಹಾಕ್ಸಿ. ಈ ಹವೆಯಲ್ಲಿ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಅಂಟಿಸೋ ಸಲ್ಯೂಷನ್ ಒಣಗೋಕೆ ತಡ, 24 ತಾಸು ಆದ ಮೇಲೇ ನೀರು ಬಿಡಿ. ಸೋರಿಕೆ ಇಲ್ಲ ಅಂತ ಖಾತ್ರಿ ಆಗೋವರೆಗೆ ಸಿಮೆಂಟ್ ಮುಚ್ಚಬೇಡಿ.