ಪ್ಯಾರಾಲೀಗಲ್ ಓದು ಗುಮಾಸ್ತಿಕೆಯೇ? ಭಾವನವರ ಪ್ರಶ್ನೆಗೆ ಉತ್ತರ

ಭಾವನವರೇ, ನಮಸ್ಕಾರ. ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಮುಗಿಸಿ ಸನ್ನದು ಪಡೆದ ನಿಮ್ಮ ಸೊಸೆ ಇಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಗೆ ಬಂದು ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಸರ್ಕಾರಿ ಕಾಲೇಜು) ಪ್ಯಾರಾಲೀಗಲ್, ಅಂದರೆ ವಕೀಲರ ಕೈಕೆಳಗೆ ಕಾನೂನಿನ ಕೆಲಸ ಮಾಡುವ ಸಹಾಯಕರ ಕೋರ್ಸು, ಓದುತ್ತೇನೆ ಎನ್ನುತ್ತಿದ್ದಾಳೆ, ವಕೀಲೆಯಾದವಳು ಗುಮಾಸ್ತಿಕೆ ಕಲಿಯಲು ಫೀಸು ಕಟ್ಟಬೇಕೇ ಎಂದು ನಿನ್ನೆ ನೀವು ಗುಂಪಿನಲ್ಲಿ ಕೇಳಿದ್ದೀರಿ. ಅದೇ ಓದನ್ನು ನಾನೂ ಮುಗಿಸಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ದೀರ್ಘವಾದರೆ ಕ್ಷಮಿಸಿ.

ನಮ್ಮೂರಿನ ವಕೀಲರ ಗುಮಾಸ್ತರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೋರ್ಟಿನ ಕಚೇರಿಯಲ್ಲಿ ಯಾವ ಕಾಗದ ಯಾವ ಮೇಜಿನಲ್ಲಿ ನಿಂತಿದೆ ಎಂಬುದು ಅವರಿಗೆ ತಿಳಿದಷ್ಟು ವಕೀಲರಿಗೂ ತಿಳಿದಿರುವುದಿಲ್ಲ. ಆದರೆ ಕ್ಯಾಲಿಫೋರ್ನಿಯದಲ್ಲಿ ಪ್ಯಾರಾಲೀಗಲ್ ಎಂದು ಕರೆದುಕೊಳ್ಳಲು ಕಾನೂನೇ ಅರ್ಹತೆ ನಿಗದಿಪಡಿಸಿದೆ. ಇಲ್ಲಿನ ವಕೀಲರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಒಪ್ಪಿದ ಕೋರ್ಸಿನ ಪ್ರಮಾಣಪತ್ರ ಇರಬೇಕು, ಇಲ್ಲವೇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಕನಿಷ್ಠ 24 ಸೆಮಿಸ್ಟರ್ ಯೂನಿಟ್‌ಗಳಷ್ಟು (ಯೂನಿಟ್ ಎಂದರೆ ಇಲ್ಲಿ ಪಾಠದ ಪ್ರಮಾಣ ಅಳೆಯುವ ಮಾನ) ಕಾನೂನು ವಿಷಯಗಳನ್ನು ಓದಿ ಪ್ರಮಾಣಪತ್ರ ಪಡೆದಿರಬೇಕು. ಯಾವುದೇ ವಿಷಯದ ಪದವಿಯ ಜೊತೆಗೆ ವಕೀಲರ ಕೈಕೆಳಗೆ ಒಂದು ವರ್ಷ ದುಡಿದು ಅವರಿಂದ ಲಿಖಿತ ಘೋಷಣೆ ಪಡೆಯುವ ದಾರಿಯೂ ಇದೆ, ಆದರೆ ಹೊಸಬರಿಗೆ ಆ ಮೊದಲ ವರ್ಷದ ಕೆಲಸ ಸಿಗುವುದೇ ಕಷ್ಟ. ಆಮೇಲೂ ಎರಡು ವರ್ಷಕ್ಕೊಮ್ಮೆ ವೃತ್ತಿನೀತಿಯಲ್ಲಿ 4 ಗಂಟೆ, ಕಾನೂನಿನಲ್ಲಿ 4 ಗಂಟೆ ತರಗತಿ ಮುಗಿಸಲೇಬೇಕು.

ಓದು ಹೇಗಿರುತ್ತದೆ ಎನ್ನಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಸಿವಿಲ್ ದಾವೆಯ ತರಗತಿಯಲ್ಲಿ ಒಂದು ಕಾಲ್ಪನಿಕ ಪ್ರಕರಣ ಕೊಟ್ಟಿದ್ದರು: ಪ್ರತಿವಾದಿ ಮನೆಯಲ್ಲಿಲ್ಲ, ಸಮನ್ಸನ್ನು ಮನೆಯ ಹಿರಿಯರ ಕೈಗೆ ಕೊಟ್ಟು ಪ್ರತಿಯನ್ನು ಅಂಚೆಯಲ್ಲಿ ಕಳಿಸಲಾಗಿದೆ, ಉತ್ತರ ಸಲ್ಲಿಸಲು ಕೊನೆಯ ದಿನ ಯಾವುದು? ಉತ್ತರಕ್ಕೆ 30 ದಿನ ಎಂಬುದು ನನಗೆ ಗೊತ್ತಿತ್ತು, ಸಮನ್ಸ್ ಕೈಗೆ ಕೊಟ್ಟ ದಿನದಿಂದಲೇ ಎಣಿಸಿ ಧೈರ್ಯವಾಗಿ ಬರೆದುಬಿಟ್ಟೆ. ಇಂಥ ಜಾರಿ ಪೂರ್ಣವಾಗುವುದು ಅಂಚೆಗೆ ಹಾಕಿದ ಹತ್ತನೆಯ ದಿನ, ಮೂವತ್ತರ ಎಣಿಕೆ ಶುರುವಾಗುವುದು ಆ ಮೇಲೆ. ಮೇಷ್ಟ್ರು ಆ ದಿನಾಂಕದ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಈ ಲೆಕ್ಕ ನಂಬಿ ಪ್ರತಿವಾದಿ ಗಡುವಿನೊಳಗೆ ಉತ್ತರ ಕೊಡಲಿಲ್ಲವೆಂದು ಅರ್ಜಿ ಹಾಕಿದರೆ ಕೋರ್ಟಿನವರು ಹಿಂದಿರುಗಿಸುತ್ತಾರೆ, ಮುಖ ಕೆಡುವುದು ನಿಮ್ಮ ವಕೀಲರದ್ದು’ ಎಂದು ಬರೆದಿದ್ದರು. ಆ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಓದಿನ ಬಹುಪಾಲು ಇಂಥದ್ದೇ: ತೀರ್ಪನ್ನು ಓದಿ ಅದರಲ್ಲಿನ ಪ್ರಶ್ನೆ, ನಿಯಮ, ಅನ್ವಯ, ನಿರ್ಣಯಗಳನ್ನು ಬೇರ್ಪಡಿಸಿ ಬರೆಯುವುದು, ಉಲ್ಲೇಖಿಸಿದ ತೀರ್ಪು ಇಂದಿಗೂ ಊರ್ಜಿತವೇ ಎಂದು ಪರಿಶೀಲಿಸುವುದು, ದಾಖಲೆಗಳನ್ನು ಕ್ರಮವಾಗಿ ಗುರುತಿಸಿ ಜೋಡಿಸುವುದು. ನಿಮ್ಮ ಸೊಸೆಗೆ ತರ್ಕ ಹೊಸದಲ್ಲ, ಇಲ್ಲಿನ ಕಾರ್ಯವಿಧಾನ ಮಾತ್ರ ಪೂರ್ತಿ ಹೊಸದು.

ಒಂದು ಗೆರೆಯನ್ನು ಮಾತ್ರ ಆಕೆ ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಪ್ಯಾರಾಲೀಗಲ್ ಆದವರು ಕಾನೂನು ಸಲಹೆ ಕೊಡುವಂತಿಲ್ಲ, ಕೋರ್ಟಿನಲ್ಲಿ ಕಕ್ಷಿದಾರರ ಪರವಾಗಿ ನಿಲ್ಲುವಂತಿಲ್ಲ, ಶುಲ್ಕ ನಿಗದಿ ಮಾಡುವಂತಿಲ್ಲ. ವಕೀಲರ ಮೇಲ್ವಿಚಾರಣೆ ಇಲ್ಲದೆ ಆ ಹೆಸರನ್ನೇ ಬಳಸುವಂತಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ‘ನನ್ನ ವೀಸಾ ಅರ್ಜಿಯಲ್ಲಿ ಈ ಕಾಲಂಗೆ ಏನು ಬರೆಯಲಿ’ ಎಂದು ನನ್ನನ್ನು ಕೇಳಿದವರಿದ್ದಾರೆ. ‘ವಕೀಲರನ್ನು ಕೇಳಿ’ ಎಂದರೆ ಕೊಬ್ಬು ಎಂದುಕೊಳ್ಳುತ್ತಾರೆ. ಊರಿನಲ್ಲಿ ವಕೀಲೆಯಾಗಿ ಸಲಹೆ ಕೊಟ್ಟು ರೂಢಿಯಾದವಳಿಗೆ ಈ ಬಾಯಿಕಟ್ಟು ನನಗಿಂತ ಹೆಚ್ಚು ಕಷ್ಟವಾಗಬಹುದು.

ಹಣದ ಮಾತು ಬೇಗ ಮುಗಿಯುತ್ತದೆ. ಕ್ಯಾಲಿಫೋರ್ನಿಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಅಂದರೆ 24 ಯೂನಿಟ್‌ಗೆ 1,104 ಡಾಲರ್, ಪುಸ್ತಕ ಮತ್ತು ಇತರ ಶುಲ್ಕ ಬೇರೆ. ನಿವಾಸಿ ಎನಿಸಿಕೊಳ್ಳಲು ಒಂದು ವರ್ಷ ಒಂದು ದಿನ ಇಲ್ಲಿ ನೆಲೆಸಿರಬೇಕು, ಅದಕ್ಕೆ ಮೊದಲು ಸೇರಿದರೆ ಹಲವು ಪಟ್ಟು ತೆರಬೇಕು. ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಕೊಡುವ ವೀಸಾದಲ್ಲಿ, ಓದಲು ಅಡ್ಡಿಯಿಲ್ಲ. ಸಂಬಳದ ಕೆಲಸಕ್ಕೆ ಮಾತ್ರ ಪ್ರತ್ಯೇಕ ಅನುಮತಿ ಬೇಕು, ಅದು ಸಾಮಾನ್ಯವಾಗಿ ಸಿಗುವುದು ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾದ ಮೇಲೆ. ನಿಮ್ಮ ಮಗನದು ಯಾವ ಹಂತದಲ್ಲಿದೆ ಎಂದು ದಯವಿಟ್ಟು ಕೇಳಿ. ಓದು ಮುಗಿದು ಮನೆಯಲ್ಲಿ ಕೂರುವ ಪರಿಸ್ಥಿತಿ ಬರಬಾರದು.

ಇನ್ನೊಂದು ಮುಖ್ಯ ವಿಷಯ. ಬೇರೆ ದೇಶದಲ್ಲಿ ವಕೀಲರಾಗಿ ನೋಂದಾಯಿತರಾದವರು ಇಲ್ಲಿ ಮತ್ತೆ ಕಾನೂನು ಪದವಿ ಓದದೆಯೇ ಕ್ಯಾಲಿಫೋರ್ನಿಯ ಬಾರ್ ಪರೀಕ್ಷೆಗೆ, ಅಂದರೆ ಇಲ್ಲಿ ವಕೀಲರಾಗಲು ಬರೆಯುವ ಪರೀಕ್ಷೆಗೆ, ಕೂರಲು ಅವಕಾಶವಿದೆ. ಪರೀಕ್ಷೆ ಸುಲಭವಲ್ಲ, ಆದರೆ ಆಕೆಯ ಸನ್ನದು ಇಲ್ಲಿ ವ್ಯರ್ಥವಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಈ ಓದನ್ನು ಆಕೆ ಆ ಪರೀಕ್ಷೆಗೆ ಮೆಟ್ಟಿಲಾಗಿ ಬಳಸಿಕೊಳ್ಳಲಿ. ಮುಂದಿನ ತಿಂಗಳು ಊರಿಗೆ ಬಂದಾಗ ರಾಜ್ಯ ವಕೀಲರ ಪರಿಷತ್ತಿನಿಂದ ತನ್ನ ನೋಂದಣಿ ಚಾಲ್ತಿಯಲ್ಲಿದೆ ಎಂಬ ಪ್ರಮಾಣಪತ್ರ ಮಾಡಿಸಿಕೊಂಡೇ ಹೊರಡಲಿ, ಇಲ್ಲಿಂದ ಕುಳಿತು ತರಿಸಿಕೊಳ್ಳುವುದು ತಲೆನೋವು. ಅದಕ್ಕೆ ಮೊದಲು ಈ ಭಾನುವಾರ ನಮ್ಮ ಮನೆಗೆ ಬಂದರೆ ನನ್ನ ಹಳೆಯ ನೋಟ್‌ಬುಕ್‌ಗಳನ್ನೂ ಆ ಕೆಂಪು ಸುತ್ತಿನ ಹಾಳೆಯನ್ನೂ ಕೊಡುತ್ತೇನೆ.